ರಿವೆಟ್: ಭಾರ ಅಯಾನು ಡಿಕ್ಕಿಯ ಮಾದರಿಗಳನ್ನು ಒರೆಗೆ ಹಚ್ಚುವ ತಂತ್ರಾಂಶ

ಕಣ ಭೌತಶಾಸ್ತ್ರದ ಸಿಮ್ಯುಲೇಶನ್ ಮಾದರಿಗಳನ್ನು ಪ್ರಯೋಗದ ಅಳತೆಗಳೊಂದಿಗೆ ಹೋಲಿಸಿ ನೋಡಲು ರೂಪಿಸಿರುವ ರಿವೆಟ್ ಎಂಬ ಉಚಿತ ತಂತ್ರಾಂಶವನ್ನು ಕಲಬುರಗಿಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೆಲಸಕ್ಕೆ ಬಳಸುತ್ತ ಬಂದಿದ್ದೇನೆ. ಪ್ರೋಟಾನ್ ಡಿಕ್ಕಿಗಳ ಮಟ್ಟಿಗೆ ಇದರ ಉಪಯುಕ್ತತೆಯ ಬಗ್ಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಈ ಪರಿಶೀಲನೆ ಅದರ ಭಾರ ಅಯಾನು ವಿಭಾಗಕ್ಕೆ, ಅಂದರೆ ಸೀಸ, ಚಿನ್ನ, ಕ್ಸೆನಾನ್‌ನಂಥ ದೊಡ್ಡ ನ್ಯೂಕ್ಲಿಯಸ್‌ಗಳ ಡಿಕ್ಕಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಸೀಮಿತವಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದನ್ನು ನಕ್ಷೆ ಬರೆಯುವ ಸಾಧನವೆಂದು ತಿಳಿದು ಬಳಸುವವರಿಗೆ ಲಾಭ ಕಡಿಮೆ, ಪ್ರಯೋಗಾಲಯದವರು ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರು, ಯಾವ ಗುಂಪಿಗೆ ಯಾವ ಹೆಸರಿಟ್ಟರು ಎಂಬ ಕಟ್ಟುಪಾಡುಗಳಿಗೆ ಮಾದರಿಯನ್ನೂ ಒಳಪಡಿಸುವ ಸಾಧನವೆಂದು ಬಳಸುವವರಿಗೆ ಇದಕ್ಕೆ ಸಮನಾದದ್ದು ನನಗೆ ಕಂಡಿಲ್ಲ.

ಇಂಥ ಕಟ್ಟುಪಾಡು ಏಕೆ ಬೇಕೆಂಬುದು ವಿಷಯದ ಸ್ವರೂಪದಿಂದಲೇ ತಿಳಿಯುತ್ತದೆ. 2010ರ ನವೆಂಬರ್‌ನಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ವೇಗವರ್ಧಕದಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಪ್ರತಿ ನ್ಯೂಕ್ಲಿಯಾನ್ (ಪ್ರೋಟಾನ್ ಅಥವಾ ನ್ಯೂಟ್ರಾನ್) ಜೋಡಿಗೆ 2.76 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಡಿಕ್ಕಿ ಹೊಡೆದಾಗ, ನೇರಾನೇರ ತಾಗಿದ ಶೇ. 5ರಷ್ಟು ಡಿಕ್ಕಿಗಳಲ್ಲಿ ಒಟ್ಟು ಸುಮಾರು 17 ಸಾವಿರ ವಿದ್ಯುದಾವೇಶವುಳ್ಳ ಕಣಗಳು ಹುಟ್ಟುತ್ತವೆಂದು ಅಲೈಸ್ ಪ್ರಯೋಗದ ಅಳತೆಗಳು ತೋರಿಸಿದವು. ಕ್ವಾರ್ಕ್ ಮತ್ತು ಗ್ಲುವಾನ್‌ಗಳ ಮೂಲ ಸಿದ್ಧಾಂತದಿಂದ ಹೊರಟು ಈ ಸಂಖ್ಯೆಯನ್ನು ನೇರವಾಗಿ ಲೆಕ್ಕ ಹಾಕುವ ದಾರಿ ಇಲ್ಲ. ಆದ್ದರಿಂದಲೇ ಹೈಜಿಂಗ್, ಆಂಪ್ಟ್, ಯುಆರ್‌ಕ್ಯೂಎಂಡಿ, ಎಪೋಸ್, ಪಿಥಿಯಾದ ಆಂಗಂಟಿರ್ ಮುಂತಾದ ಮಾದರಿಗಳು ಹುಟ್ಟಿಕೊಂಡಿವೆ. ಎಪೋಸ್ ಡಿಕ್ಕಿಯ ದಟ್ಟವಾದ ಒಳಭಾಗವನ್ನು ದ್ರವದಂತೆ ಹರಿಯಲು ಬಿಡುತ್ತದೆ. ಆಂಗಂಟಿರ್ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾವನ್ನು, ಅಂದರೆ ಕ್ವಾರ್ಕ್ ಮತ್ತು ಗ್ಲುವಾನ್‌ಗಳು ಬಿಡಿಯಾಗಿ ಓಡಾಡುವ ಬಿಸಿ ದ್ರವ್ಯವನ್ನು, ಊಹಿಸದೆಯೇ ಪ್ರೋಟಾನ್ ಡಿಕ್ಕಿಗಳನ್ನು ಒಂದರ ಮೇಲೊಂದು ಪೇರಿಸಿ ನ್ಯೂಕ್ಲಿಯಸ್ ಡಿಕ್ಕಿಯನ್ನು ಕಟ್ಟುತ್ತದೆ. ಊಹೆಗಳು ಇಷ್ಟು ಬೇರೆಯಾಗಿದ್ದರೂ ಕೆಲವು ಅಳತೆಗಳ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರದ ಉತ್ತರ ಕೊಡುತ್ತವೆ ಎಂಬುದೇ ಈ ಕ್ಷೇತ್ರದ ತೊಡಕು.

ಮಾದರಿ ಬರೆದವರೇ ತಮ್ಮದೇ ಪುಟ್ಟ ಪ್ರೋಗ್ರಾಂ ಬರೆದು, ತಮಗೆ ತೋಚಿದ ರೀತಿಯಲ್ಲಿ ಕಣಗಳನ್ನು ಎಣಿಸಿ, ಪ್ರಕಟವಾದ ನಕ್ಷೆಯ ಮೇಲೆ ತಮ್ಮ ಗೆರೆ ಎಳೆದು ತೋರಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ನಮ್ಮ ನೆಹರೂ ಗಂಜ್‌ನಲ್ಲಿ ತೊಗರಿ ತಂದ ರೈತ ಒಬ್ಬೊಬ್ಬ ವ್ಯಾಪಾರಿಯ ತಕ್ಕಡಿಯಲ್ಲಿ ಒಂದೊಂದು ತೂಕ ಕಂಡರೆ ಜಗಳ ತೊಗರಿಯದೋ ತಕ್ಕಡಿಯದೋ ಎಂದು ಗೊತ್ತಾಗುವುದಿಲ್ಲ. ಇಲ್ಲಿಯೂ ಹಾಗೆಯೇ, ಎರಡು ಮಾದರಿಗಳ ನಡುವಿನ ವ್ಯತ್ಯಾಸ ಭೌತಶಾಸ್ತ್ರದ್ದೋ ಎಣಿಕೆಯ ಕ್ರಮದ್ದೋ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತಿತ್ತು. ರಿವೆಟ್ ಎಲ್ಲ ಮಾದರಿಗಳನ್ನೂ ಒಂದೇ ಎಣಿಕೆಯ ಕ್ರಮಕ್ಕೆ ಒಡ್ಡುತ್ತದೆ. ಪ್ರತಿಯೊಂದು ಪ್ರಯೋಗ ಪ್ರಬಂಧಕ್ಕೂ ಒಂದು ಪುಟ್ಟ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಇರುತ್ತದೆ. ಆ ಪ್ರಬಂಧದ ಎಣಿಕೆಯ ನಿಯಮಗಳೆಲ್ಲ ಅದರಲ್ಲಿ ಬರೆದಿಟ್ಟಿರುತ್ತವೆ. ಮಾದರಿ ಯಾವುದೇ ಇರಲಿ, ಹೆಪ್‌ಎಂಸಿ ಎಂಬ ಸಾಮಾನ್ಯ ರೂಪದಲ್ಲಿ ಘಟನೆಗಳನ್ನು ಒಪ್ಪಿಸಿದರೆ ಸಾಕು.

ಇದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಜರ್ಮನಿಯ ಹೇರಾ ವೇಗವರ್ಧಕದ ಕಾಲದಲ್ಲಿ ಫೋರ್ಟ್ರಾನ್‌ನಲ್ಲಿ ಬರೆದ ಎಚ್‌ಝೆಡ್‌ಟೂಲ್ ಇದರ ಪೂರ್ವಜ. ಮೂರನೆಯ ಆವೃತ್ತಿ 2019ರಲ್ಲಿ ಬಂದಿತು, ಭಾರ ಅಯಾನು ಸೌಲಭ್ಯಗಳನ್ನು ವಿವರಿಸುವ ಪ್ರಬಂಧ 2020ರಲ್ಲಿ ಯುರೋಪಿಯನ್ ಫಿಸಿಕಲ್ ಜರ್ನಲ್ ಸಿ ಪತ್ರಿಕೆಯಲ್ಲಿ ಪ್ರಕಟವಾಯಿತು, ನಾಲ್ಕನೆಯ ಆವೃತ್ತಿ 2024ರಲ್ಲಿ ಹೊರಬಂದಿತು.

ಅಳವಡಿಕೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೂಲ ಸಂಕೇತದಿಂದ ಕಟ್ಟಿಕೊಳ್ಳಲು ಹೊರಟರೆ ಹೆಪ್‌ಎಂಸಿ, ಯೋಡಾ, ಫಾಸ್ಟ್‌ಜೆಟ್ ಎಂದು ಒಂದರ ಹಿಂದೊಂದು ಪೂರಕ ತಂತ್ರಾಂಶಗಳ ಸರಪಳಿ ಬರುತ್ತದೆ. ಲಿನಕ್ಸ್ ಬಳಸಿ ರೂಢಿಯಿಲ್ಲದವರು ಆ ದಾರಿ ಹಿಡಿಯದಿರುವುದು ಲೇಸು. ಪಿಥಿಯಾವನ್ನೂ ಒಳಗೊಂಡು, ಬೇಕಾದ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಡಾಕರ್ ಪೊಟ್ಟಣ ಸಿದ್ಧವಾಗಿ ಸಿಗುತ್ತದೆ. ಅದನ್ನು ಒಮ್ಮೆ ಇಳಿಸಿಕೊಳ್ಳಲು ನಮ್ಮ ಕಡೆಯ ಇಂಟರ್ನೆಟ್‌ನಲ್ಲಿ ತಾಳ್ಮೆ ಬೇಕು, ಆದರೆ ಒಮ್ಮೆ ಇಳಿದ ಮೇಲೆ ಮತ್ತೆ ಸಂಪರ್ಕದ ಹಂಗಿಲ್ಲ: ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿರುವ ಹೆಪ್‌ಡೇಟಾ ಭಂಡಾರದ ಆಧಾರ ಅಂಕಿಗಳು ಪೊಟ್ಟಣದ ಜೊತೆಗೇ ಬರುತ್ತವೆ. ಸೇಡಂ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿ ರಜೆಯಲ್ಲಿ ಊರಿಗೆ ಲ್ಯಾಪ್‌ಟಾಪ್ ಒಯ್ದು ಕೆಲಸ ಮುಂದುವರಿಸಬಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಅನುಕೂಲವಲ್ಲ. ಕಿಟಕಿ, ಗುಂಡಿಗಳಿರುವ ಮುಖಪುಟ ಇದಕ್ಕಿಲ್ಲ. ಎಲ್ಲವೂ ಟರ್ಮಿನಲ್‌ನಲ್ಲಿ ಆದೇಶ ಬರೆದೇ ಆಗಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭಾರ ಅಯಾನು ಅಳತೆಗಳಲ್ಲಿ ಬಹುಪಾಲು ಎಲ್ಲವನ್ನೂ ಕೇಂದ್ರೀಯತೆಯ ಪ್ರಕಾರ ವಿಂಗಡಿಸಿ ಕೊಡುತ್ತಾರೆ. ಎರಡು ನ್ಯೂಕ್ಲಿಯಸ್‌ಗಳ ಕೇಂದ್ರಗಳ ನಡುವಿನ ಅಡ್ಡ ಅಂತರ ಕಡಿಮೆಯಿದ್ದರೆ ಡಿಕ್ಕಿ ನೇರವಾದದ್ದು, ಹೆಚ್ಚಿದ್ದರೆ ಅಂಚು ಸವರಿ ಹೋದದ್ದು. ಮಾದರಿಯೊಳಗೆ ಈ ಅಂತರ ಕೈಯಲ್ಲೇ ಇರುವ ಸಂಖ್ಯೆ. ಪ್ರಯೋಗದಲ್ಲಾದರೋ ಅದನ್ನು ಯಾರೂ ಅಳೆಯಲಾರರು, ಏಕೆಂದರೆ ಅದು ಕೆಲವೇ ಫೆಮ್ಟೊಮೀಟರ್‌ಗಳ ಮಾತು, 2.76 ಟೆರಾ ಎಲೆಕ್ಟ್ರಾನ್ ವೋಲ್ಟ್‌ನ ಸೀಸದ ಡಿಕ್ಕಿಯಲ್ಲಿ ಮೊದಲ ಶೇ. 5ರ ಗುಂಪಿಗೆ ಅದು ಸುಮಾರು 3.5 ಫೆಮ್ಟೊಮೀಟರ್‌ನ ಒಳಗೆ ಬರುತ್ತದೆ ಎಂಬುದೂ ನ್ಯೂಕ್ಲಿಯಾನ್ ಡಿಕ್ಕಿಗಳನ್ನು ಜ್ಯಾಮಿತಿಯಿಂದ ಎಣಿಸುವ ಗ್ಲಾಬರ್ ಮಾದರಿಯಿಂದ ತೆಗೆದ ಲೆಕ್ಕವೇ. ಅಲೈಸ್ ಮಾಡುವುದೇನೆಂದರೆ, ಡಿಕ್ಕಿಯ ಸ್ಥಳದ ಎರಡು ಬದಿಗೂ ಮುಂಚಾಚಿನ ಕೋನಗಳಲ್ಲಿ ಇಟ್ಟಿದ್ದ ವಿ-ಝೀರೊ ಡಿಟೆಕ್ಟರ್‌ಗಳ ಒಟ್ಟು ಸಂಕೇತವನ್ನು ನೋಡಿ, ಸಂಕೇತದ ಗಾತ್ರದ ಪ್ರಕಾರ ಡಿಕ್ಕಿಗಳನ್ನು ಸಾಲುಗಟ್ಟಿಸಿ, ಮೇಲಿನ ಶೇ. 5, ಅನಂತರದ ಶೇ. 5 ಎಂದು ಕತ್ತರಿಸುವುದು.

ಇದು ಬರಿಯ ಶಾಸ್ತ್ರದ ಮಾತಲ್ಲವೆಂದು ತೋರಿಸಲು ಅಲೈಸ್ 2010ರಲ್ಲಿ ಕೊಟ್ಟ ಅಂಕಿಗಳನ್ನೇ ಹತ್ತಿರದಿಂದ ನೋಡೋಣ. ನಡುಭಾಗದಲ್ಲಿ, ಸ್ಯೂಡೊ ರ‍್ಯಾಪಿಡಿಟಿಯ (ಕಿರಣದ ದಿಕ್ಕಿಗೆ ಹೋಲಿಸಿ ಕಣ ಹೊರಬೀಳುವ ಕೋನದ ಅಳತೆ) ಒಂದು ಘಟಕಕ್ಕೆ ಸಿಗುವ ಆವೇಶಿತ ಕಣಗಳ ಸಂಖ್ಯೆ ಮೊದಲ ಶೇ. 5ರ ಗುಂಪಿನಲ್ಲಿ 1601, ಅನಿಶ್ಚಿತತೆ 60; ಶೇ. 5ರಿಂದ 10ರ ಗುಂಪಿನಲ್ಲಿ 1294, ಅನಿಶ್ಚಿತತೆ 49, ಶೇ. 70ರಿಂದ 80ರ ಗುಂಪಿಗೆ ಬರುವ ಹೊತ್ತಿಗೆ ಅದು 35ಕ್ಕೆ ಇಳಿದಿರುತ್ತದೆ. ಮೊದಲೆರಡು ಗುಂಪುಗಳ ನಡುವಿನ ಇಳಿತ ಶೇ. 19ರಷ್ಟು, ಅಳತೆಯ ಅನಿಶ್ಚಿತತೆ ಶೇ. 4ಕ್ಕಿಂತ ಕಡಿಮೆ. ಗುಂಪಿನ ಗಡಿಯನ್ನು ಮಾದರಿಯಲ್ಲಿ ಒಂದು ರೀತಿ, ಪ್ರಯೋಗದಲ್ಲಿ ಇನ್ನೊಂದು ರೀತಿ ಎಳೆದರೆ, ಆ ಒಂದೇ ಕಾರಣಕ್ಕೆ ಒಳ್ಳೆಯ ಮಾದರಿ ಕೆಟ್ಟದ್ದಾಗಿ ಕಾಣಬಹುದು. ಅದಕ್ಕಿಂತ ಅಪಾಯಕಾರಿಯಾದದ್ದೆಂದರೆ, ಕೆಟ್ಟ ಮಾದರಿ ಒಳ್ಳೆಯದಾಗಿ ಕಾಣಬಹುದು.

ರಿವೆಟ್‌ನಲ್ಲಿ ಇದಕ್ಕೆ ಮಾಡಿರುವ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದ ಭಾಗ. ಮೊದಲು ಮಾದರಿಯನ್ನು ಕೇಂದ್ರೀಯತೆಯ ಅಳವಿಗಾಗಿಯೇ (ಕ್ಯಾಲಿಬ್ರೇಷನ್) ಒಮ್ಮೆ ಓಡಿಸಬೇಕು. ಆ ಓಟದಿಂದ ಹೊರಬರುವ ಹಿಸ್ಟೊಗ್ರಾಂನಲ್ಲಿ ಅಡ್ಡಗೆರೆಯ ಮೇಲೆ ವಿ-ಝೀರೊ ಕೋನಗಳಿಗೆ ಸರಿಸಮವಾದ ಪ್ರದೇಶದಲ್ಲಿ ಬಿದ್ದ ಕಣಗಳ ಸಂಖ್ಯೆ ಇರುತ್ತದೆ: ಸೊನ್ನೆಯ ಬಳಿ ಎತ್ತರದ ಗೋಪುರ, ಅಲ್ಲಿಂದ ನಿಧಾನವಾಗಿ ತಗ್ಗುತ್ತ ಉದ್ದಕ್ಕೆ ಸಾಗುವ ಬಯಲು, ಕೊನೆಯಲ್ಲಿ ಥಟ್ಟನೆ ಕುಸಿಯುವ ಅಂಚು. ಬಲತುದಿಯಿಂದ ಎಣಿಸುತ್ತ ಬಂದು ಒಟ್ಟು ಡಿಕ್ಕಿಗಳಲ್ಲಿ ಶೇ. 5 ತುಂಬುವಲ್ಲಿ ಗೆರೆ ಎಳೆದರೆ ಅದೇ ಮೊದಲ ಗುಂಪು. ಎರಡನೆಯ ಓಟದಲ್ಲಿ ಈ ಕಡತವನ್ನು ಮೊದಲೇ ಓದಿಸಿ, ನಿಜವಾದ ವಿಶ್ಲೇಷಣೆಯನ್ನು ನಡೆಸಬೇಕು. ಗುಂಪು ಮಾಡುವ ಆಧಾರವನ್ನು ಆರಿಸಿಕೊಳ್ಳಲು ಆಯ್ಕೆಗಳಿವೆ: ರೆಫ್ ಎಂದರೆ ಪ್ರಯೋಗ ಪ್ರಕಟಿಸಿದ ಹಂಚಿಕೆ, ಜೆನ್ ಎಂದರೆ ಮಾದರಿಯದೇ ಹಂಚಿಕೆ, ಇಂಪ್ ಎಂದರೆ ಮಾದರಿಯೊಳಗಿನ ಅಡ್ಡ ಅಂತರ.

ಈ ಆಯ್ಕೆಯಲ್ಲಿಯೇ ವಿದ್ಯಾರ್ಥಿಗಳು ಎಡವುವುದು. ವಿ-ಝೀರೊದ ಪ್ರಕಟಿತ ಹಂಚಿಕೆ ಡಿಟೆಕ್ಟರ್‌ನ ಸಂಕೇತದ ಗಾತ್ರ, ಕಣಗಳ ಎಣಿಕೆಯಲ್ಲ. ಅದರೊಳಗೆ ಡಿಟೆಕ್ಟರ್‌ನ ಪ್ರತಿಕ್ರಿಯೆಯೂ ಬೆರೆತಿರುತ್ತದೆ. ಹೀಗಾಗಿ ಅಂಥ ಅಳತೆಗಳಿಗೆ ಮಾದರಿಯದೇ ಹಂಚಿಕೆ ಹೆಚ್ಚು ನ್ಯಾಯವಾದದ್ದು. ಅಡ್ಡ ಅಂತರದ ಆಯ್ಕೆ ಮಾದರಿಯೊಳಗೆ ಕೈಯಲ್ಲೇ ಇರುವ ಸಂಖ್ಯೆಯನ್ನು ಬಳಸುವುದರಿಂದ ಎಲ್ಲರಿಗೂ ಅದೇ ಪ್ರಿಯ. ಒಬ್ಬ ವಿದ್ಯಾರ್ಥಿ ಅದೇ ಆಯ್ಕೆಯಲ್ಲಿ ತೆಗೆದ ನಕ್ಷೆ ತಂದು, "ಗೆರಿ ಡೇಟಾದ ಮ್ಯಾಲೆ ಬರೋಬ್ಬರಿ ಕುಂತದ ನೋಡ್ರಿ ಸರ" ಎಂದು ಹಿಗ್ಗಿದ್ದ. ಜೆನ್ ಆಯ್ಕೆಯಲ್ಲಿ ಮತ್ತೆ ಓಡಿಸಿದಾಗ ನೇರ ಡಿಕ್ಕಿಗಳ ಕಡೆ ಗೆರೆ ತುಸು ಮೇಲೆ ಸರಿಯಿತು, ಅಂಚಿನ ಡಿಕ್ಕಿಗಳ ಕಡೆ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಇದರಲ್ಲಿ ಆಶ್ಚರ್ಯವೇನಿಲ್ಲ: ಹೆಚ್ಚು ಕಣ ಹುಟ್ಟಿದ ಡಿಕ್ಕಿಗಳನ್ನು ಆರಿಸಿ ತೆಗೆದರೆ ಅವುಗಳ ಸರಾಸರಿ ಅಡ್ಡ ಅಂತರದಿಂದ ಆರಿಸಿದವುಗಳಿಗಿಂತ ಹೆಚ್ಚಿರಲೇಬೇಕು, ಮತ್ತು ಕಣಗಳು ಕಡಿಮೆಯಿದ್ದ ಕಡೆ ಏರಿಳಿತದ ಪಾಲು ಹೆಚ್ಚು. ಪ್ರೋಟಾನ್ ಮತ್ತು ಸೀಸದ ಡಿಕ್ಕಿಯಲ್ಲಂತೂ ಅಡ್ಡ ಅಂತರಕ್ಕೂ ಕಣಗಳ ಸಂಖ್ಯೆಗೂ ಇರುವ ನಂಟು ಬಹಳ ಸಡಿಲ. ಅಲ್ಲಿ ಇಂಪ್ ಆಯ್ಕೆಯ ನಕ್ಷೆಯನ್ನು ನಾನು ನೋಡಲೂ ಒಪ್ಪುವುದಿಲ್ಲ.

ಎರಡನೆಯ ಕಟ್ಟುಪಾಡು, ಯಾವ ಕಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು. ಅಲೈಸ್‌ನ ವ್ಯಾಖ್ಯೆಯಂತೆ, ಬೆಳಕು ಒಂದು ಸೆಂಟಿಮೀಟರ್ ಸಾಗುವ ಕಾಲಕ್ಕಿಂತ ಹೆಚ್ಚಿನ ಸರಾಸರಿ ಆಯುಷ್ಯವಿರುವ ಕಣ, ಡಿಕ್ಕಿಯಿಂದ ನೇರವಾಗಿಯೋ ಅದಕ್ಕಿಂತ ಅಲ್ಪಾಯುಷಿಗಳ ವಿಘಟನೆಯಿಂದಲೋ ಹುಟ್ಟಿದ್ದರೆ ಅದು ಪ್ರಾಥಮಿಕ ಕಣ. ಆ ಅಳತೆಗೋಲಿನಲ್ಲಿ ಅಲ್ಪಾಯುಷಿ ಕೇಯಾನ್‌ಗೆ 2.7 ಸೆಂಟಿಮೀಟರ್, ಲ್ಯಾಂಬ್ಡಾ ಕಣಕ್ಕೆ 7.9 ಸೆಂಟಿಮೀಟರ್ ಸಿಗುತ್ತದೆ. ಆದ್ದರಿಂದ ಅವೆರಡೂ ಪ್ರಾಥಮಿಕ, ಅವು ಒಡೆದು ಹುಟ್ಟಿಸುವ ಪಯಾನ್ ಮತ್ತು ಪ್ರೋಟಾನ್‌ಗಳು ಲೆಕ್ಕಕ್ಕಿಲ್ಲ. ಮಾದರಿಯಲ್ಲಿ ಲ್ಯಾಂಬ್ಡಾ ಒಡೆಯದಂತೆ ನಿಲ್ಲಿಸಿದ್ದಾರೆಯೇ, ಒಡೆಯಲು ಬಿಟ್ಟಿದ್ದಾರೆಯೇ ಎಂಬುದು ಸಂರಚನಾ ಕಡತದ ಒಂದೇ ಸಾಲು, ಆದರೆ ಪ್ರೋಟಾನ್‌ಗಳ ಸಂಖ್ಯೆಯ ಮೇಲೆ ಅದರ ಪರಿಣಾಮ ಅಲಕ್ಷಿಸುವಂಥದ್ದಲ್ಲ. ರಿವೆಟ್ ಕಣದ ವಂಶಾವಳಿಯನ್ನು ಹಿಂದಕ್ಕೆ ಓದಿ ಈ ವಿಂಗಡಣೆಯನ್ನು ತಾನೇ ಮಾಡುತ್ತದೆ. ಹಾಗೆ ಓದಲು ಮಾದರಿ ವಂಶಾವಳಿಯನ್ನು ಬರೆದು ಕೊಟ್ಟಿರಬೇಕು ಎಂಬ ಷರತ್ತು ಮಾತ್ರ ಇದೆ. ಕೊನೆಯ ಕಣಗಳ ಪಟ್ಟಿಯನ್ನಷ್ಟೇ ಕೊಡುವ ಹಳೆಯ ಮಾದರಿಗಳ ವಿಷಯದಲ್ಲಿ ಈ ಅನುಕೂಲ ಸಿಗುವುದಿಲ್ಲ.

ಹೆಚ್ಚಿನ ಅಡ್ಡ ಸಂವೇಗದ (ಕಿರಣಕ್ಕೆ ಲಂಬವಾದ ದಿಕ್ಕಿನ ಸಂವೇಗ) ಕಣಗಳು ಪ್ಲಾಸ್ಮಾದಲ್ಲಿ ಎಷ್ಟು ಶಕ್ತಿ ಕಳೆದುಕೊಳ್ಳುತ್ತವೆ ಎಂಬುದನ್ನು ತೋರಿಸುವ ನ್ಯೂಕ್ಲಿಯಸ್ ಮಾರ್ಪಾಟು ಗುಣಾಂಕದ ಲೆಕ್ಕ ಇನ್ನೊಂದು ರೀತಿಯಲ್ಲಿ ತೊಡಕಿನದು. ಸೀಸದ ಡಿಕ್ಕಿಯ ಫಲಿತಾಂಶವನ್ನು ಪ್ರೋಟಾನ್ ಡಿಕ್ಕಿಯ ಫಲಿತಾಂಶದಿಂದ, ಒಳಗಿನ ನ್ಯೂಕ್ಲಿಯಾನ್ ಡಿಕ್ಕಿಗಳ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದು, ಭಾಗಿಸಿದಾಗ ಬರುವ ಸಂಖ್ಯೆ ಅದು. ಯಾವ ಪ್ರಭಾವವೂ ಇಲ್ಲದಿದ್ದರೆ 1 ಆಗಬೇಕು, ಅಲೈಸ್‌ನ ಮೊದಲ ಅಳತೆಯಲ್ಲಿ ನೇರ ಡಿಕ್ಕಿಗಳಿಗೆ 6ರಿಂದ 7 ಗಿಗಾ ಎಲೆಕ್ಟ್ರಾನ್ ವೋಲ್ಟ್ ಸಂವೇಗದ ಬಳಿ ಸುಮಾರು 0.14ಕ್ಕೆ ಇಳಿದಿತ್ತು. ಎರಡು ಬೇರೆ ಬೇರೆ ಓಟಗಳ ಫಲಿತಾಂಶಗಳನ್ನು ಒಂದೆಡೆ ತಂದು ಭಾಗಾಕಾರ ಮಾಡಬೇಕಾಗುತ್ತದೆ. ಮೂರನೆಯ ಆವೃತ್ತಿಯಿಂದ ರಿವೆಟ್ ಮಧ್ಯಂತರ ಎಣಿಕೆಗಳನ್ನೂ ಕಡತದಲ್ಲಿ ಉಳಿಸಿಕೊಂಡು, ಓಟಗಳನ್ನು ಕೂಡಿಸಿದ ಮೇಲೆ ಅಂತಿಮ ಲೆಕ್ಕವನ್ನು ಮತ್ತೆ ನಡೆಸುವ ವ್ಯವಸ್ಥೆ ಮಾಡಿದೆ. ಅದಕ್ಕೆ ರಿವೆಟ್-ಮರ್ಜ್ ಎಂಬ ಆದೇಶವಿದೆ. ಇದರಿಂದಾಗುವ ದೊಡ್ಡ ಉಪಕಾರವೆಂದರೆ, ಅಂತಿಮ ಗುಣಾಂಕದ ಜೊತೆಗೆ ಅಂಶ ಮತ್ತು ಛೇದ ಎರಡೂ ಕಣ್ಣ ಮುಂದೆ ಉಳಿಯುವುದು. ಪ್ರೋಟಾನ್ ಡಿಕ್ಕಿಯನ್ನೂ ಸೀಸದ ಡಿಕ್ಕಿಯನ್ನೂ ಒಂದೇ ಪ್ರಮಾಣದಲ್ಲಿ ತಪ್ಪಾಗಿ ಊಹಿಸುವ ಮಾದರಿ ಗುಣಾಂಕವನ್ನು ಸರಿಯಾಗಿ ಕೊಡಬಲ್ಲದು, ಮತ್ತು ಗುಣಾಂಕದ ನಕ್ಷೆಯೊಂದನ್ನೇ ನೋಡಿದವರಿಗೆ ಅದು ತಿಳಿಯುವುದಿಲ್ಲ.

ಇದೇ ವ್ಯವಸ್ಥೆ ನಮ್ಮ ಊರಿಗೆ ಇನ್ನೊಂದು ರೀತಿಯಲ್ಲೂ ಒದಗಿ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ ಉದ್ದನೆಯ ಒಂದೇ ಓಟ ಪೂರ್ತಿ ನೀರಿನಲ್ಲಿ ಹೋಮ. ಅದರ ಬದಲು ಬೇರೆ ಬೇರೆ ಯಾದೃಚ್ಛಿಕ ಬೀಜಸಂಖ್ಯೆ ಕೊಟ್ಟು ಹಲವು ಸಣ್ಣ ಓಟಗಳನ್ನು ನಡೆಸಿ ಕೊನೆಗೆ ಕೂಡಿಸಿದರೆ, ಹಾಳಾಗುವುದು ಒಂದು ತುಂಡು ಮಾತ್ರ.

ಹರಿವಿನ ಅಳತೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಂಚು ಸವರಿದ ಡಿಕ್ಕಿಯಲ್ಲಿ ಎರಡು ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಬಿದ್ದ ಭಾಗ ಬಾದಾಮಿಯ ಆಕಾರದ್ದು. ಆ ಆಕಾರ ಹೊರಬೀಳುವ ಕಣಗಳ ದಿಕ್ಕಿನಲ್ಲಿ ದೀರ್ಘವೃತ್ತಾಕಾರದ ಹರಿವಾಗಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ರಿಕ್ ವೇಗವರ್ಧಕದ ಚಿನ್ನದ ಡಿಕ್ಕಿಗಳಿಗೆ ಹೋಲಿಸಿದರೆ 2.76 ಟೆರಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಇದರ ಒಟ್ಟು ಮೌಲ್ಯ ಸುಮಾರು ಶೇ. 30 ಹೆಚ್ಚೆಂದು ಅಲೈಸ್ 2010ರಲ್ಲೇ ತೋರಿಸಿತು. ಮಾದರಿಯಲ್ಲಿ ಬಾದಾಮಿಯ ದಿಕ್ಕು ಮೊದಲೇ ಗೊತ್ತಿರುವುದರಿಂದ ಅದನ್ನು ನೇರವಾಗಿ ಬಳಸಿಕೊಂಡು ಹರಿವನ್ನು ಲೆಕ್ಕ ಹಾಕುವ ಚಾಳಿ ಹಳೆಯದು. ಪ್ರಯೋಗಕ್ಕೆ ಆ ಭಾಗ್ಯವಿಲ್ಲ. ಅದು ಎರಡು, ನಾಲ್ಕು ಅಥವಾ ಇನ್ನೂ ಹೆಚ್ಚು ಕಣಗಳ ಪರಸ್ಪರ ಸಂಬಂಧದಿಂದ ಹರಿವನ್ನು ಹಿಂಡಿ ತೆಗೆಯಬೇಕು, ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗೊಂಚಲುಗಳಾದ ಜೆಟ್‌ಗಳಿಂದಲೂ ವಿಘಟನೆಗಳಿಂದಲೂ ಬರುವ ಸುಳ್ಳು ಸಂಬಂಧಗಳನ್ನು ಬೇರ್ಪಡಿಸಬೇಕು. ರಿವೆಟ್ ಮಾದರಿಯನ್ನೂ ಅದೇ ಕಷ್ಟದ ದಾರಿಯಲ್ಲಿ ನಡೆಸುತ್ತದೆ. 1600 ಕಣಗಳಿಂದ ನಾಲ್ಕು ನಾಲ್ಕನ್ನು ಆರಿಸುತ್ತ ಸುತ್ತು ಹಾಕಿದರೆ ಪ್ರತಿ ಡಿಕ್ಕಿಗೂ ಸುಮಾರು 6.5 ಲಕ್ಷ ಕೋಟಿ ಹೆಜ್ಜೆ ಬೇಕು. ಅದರ ಬದಲು ಪ್ರಯೋಗಕಾರರಂತೆಯೇ ಕ್ಯೂ-ಸದಿಶಗಳನ್ನು (ಎಲ್ಲ ಕಣಗಳ ದಿಕ್ಕುಗಳ ಮೊತ್ತ) ಒಂದೇ ಸುತ್ತಿನಲ್ಲಿ ಕೂಡಿಸಿ ಬೀಜಗಣಿತದಿಂದ ಉತ್ತರ ತೆಗೆಯುವ ಕ್ರಮ ಇದರೊಳಗಿದೆ. ಆಂಗಂಟಿರ್ ಕಣಗಳ ಸಂಖ್ಯೆಯನ್ನು ಚೆನ್ನಾಗಿ ಊಹಿಸಿಯೂ ತನ್ನ ಮೂಲ ರೂಪದಲ್ಲಿ ಹರಿವನ್ನು ಕೊಡುವುದಿಲ್ಲ ಎಂಬುದು ಇಂಥ ಪರೀಕ್ಷೆಯಲ್ಲಿಯೇ ಸ್ಪಷ್ಟವಾಗುವುದು. ಸಂಖ್ಯೆಯ ನಕ್ಷೆ ನೋಡಿ ಸಂತೋಷಪಟ್ಟ ವಿದ್ಯಾರ್ಥಿಗೆ ಮಾರನೆಯ ದಿನ ಹರಿವಿನ ನಕ್ಷೆಯನ್ನು ತೋರಿಸುವುದು ನನ್ನ ವಾಡಿಕೆ.

ಇನ್ನು ಕೊರತೆಗಳು. ಮೊದಲನೆಯದು ಮತ್ತು ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು, ನಕ್ಷೆಯ ಕೆಳಭಾಗದಲ್ಲಿ ಬರುವ ಅನುಪಾತದ ಪಟ್ಟಿ ಹುಟ್ಟಿಸುವ ಭ್ರಮೆ. ಮಾದರಿಯ ಗೆರೆ ಅನಿಶ್ಚಿತತೆಯ ಪಟ್ಟೆಯೊಳಗೆ ಬಿದ್ದರೆ ಗೆದ್ದಿತೆಂದೂ ಹೊರಗೆ ಬಿದ್ದರೆ ಸೋತಿತೆಂದೂ ಕಣ್ಣು ತಾನಾಗಿ ತೀರ್ಮಾನಿಸುತ್ತದೆ. ಅಲೈಸ್‌ನ ಮೊಟ್ಟಮೊದಲ ಸೀಸದ ಅಳತೆ 1584, ಸಾಂಖ್ಯಿಕ ಅನಿಶ್ಚಿತತೆ 4, ವ್ಯವಸ್ಥಿತ ಅನಿಶ್ಚಿತತೆ 76 ಎಂಬುದನ್ನು ಗಮನಿಸಿ: ಇಲ್ಲಿ ಪಟ್ಟೆಯ ಅಗಲವೆಲ್ಲ ಬಹುಪಾಲು ವ್ಯವಸ್ಥಿತವಾದದ್ದೇ. ಅಂಥ ಅನಿಶ್ಚಿತತೆಯ ಹೆಚ್ಚಿನ ಭಾಗ ನೆರೆಹೊರೆಯ ಬಿಂದುಗಳನ್ನೆಲ್ಲ ಒಟ್ಟಿಗೇ ಮೇಲಕ್ಕೋ ಕೆಳಕ್ಕೋ ಒಯ್ಯುವಂಥದ್ದಾದರೆ, ಎಲ್ಲ ಬಿಂದುಗಳಿಗಿಂತ ಶೇ. 4ರಷ್ಟು ಮೇಲೆ ಸಮಾನಾಂತರವಾಗಿ ಓಡುವ ಗೆರೆ ಅಷ್ಟೇನೂ ಕೆಟ್ಟದ್ದಲ್ಲ. ಅದೇ ಪಟ್ಟೆಯೊಳಗೇ ಇದ್ದು ಒಂದು ತುದಿಯಲ್ಲಿ ಮೇಲೆ, ಇನ್ನೊಂದು ತುದಿಯಲ್ಲಿ ಕೆಳಗೆ ಹಾಯುವ ಗೆರೆ ನಿಜವಾಗಿ ಕೆಟ್ಟದ್ದಿರಬಹುದು. ಇದನ್ನು ತೂಗಿ ನೋಡಲು ಬಿಂದುಗಳ ಪರಸ್ಪರ ಸಂಬಂಧದ ಕೋಷ್ಟಕ ಬೇಕು, ಭಾರ ಅಯಾನು ಪ್ರಬಂಧಗಳಲ್ಲಿ ಬಹುತೇಕರು ಅದನ್ನು ಕೊಟ್ಟಿರುವುದಿಲ್ಲ. ತಪ್ಪು ರಿವೆಟ್‌ನದಲ್ಲ, ಆದರೆ ಬಿಂದುಗಳು ಸ್ವತಂತ್ರವೆಂದು ಭಾವಿಸಿ ಕೈ-ವರ್ಗ (χ², ಮಾದರಿ ಅಳತೆಗೆ ಎಷ್ಟು ಹೊಂದುತ್ತದೆಂದು ಹೇಳುವ ಸಂಖ್ಯೆ) ಲೆಕ್ಕ ಹಾಕಿ ಪ್ರಾಜೆಕ್ಟ್ ವರದಿಯಲ್ಲಿ ಎರಡು ದಶಮಾಂಶದವರೆಗೆ ಬರೆಯುವ ವಿದ್ಯಾರ್ಥಿಯನ್ನು ತಡೆಯುವವರು ಬೇಕು. ಕೆಲಸದ ಕಂಪ್ಯೂಟರಿನಲ್ಲಿ ರಾತ್ರಿಯೆಲ್ಲ ಓಡಿಸಿ ಡಿಕ್ಕಿಗಳ ಸಂಖ್ಯೆ ಹೆಚ್ಚಿಸಿದರೆ ಕುಗ್ಗುವುದು ಮಾದರಿಯ ಸಾಂಖ್ಯಿಕ ಅನಿಶ್ಚಿತತೆ ಮಾತ್ರ. ಪ್ರಯೋಗದ 76 ಅಲ್ಲಿಯೇ ಇರುತ್ತದೆ.

ಎರಡನೆಯದು ವ್ಯಾಪ್ತಿಯ ಕೊರತೆ. ಒಟ್ಟು ವಿಶ್ಲೇಷಣೆಗಳ ಸಂಖ್ಯೆ ಸಾವಿರವನ್ನು ದಾಟಿದ್ದರೂ ಭಾರ ಅಯಾನುಗಳ ಪಾಲು ಅದರಲ್ಲಿ ಬಹಳ ಸಣ್ಣದು, ಮತ್ತು ನಮಗೆ ಬೇಕಾದ ಪ್ರಬಂಧವೇ ಇಲ್ಲದಿರುವ ಸಂಭವ ಹೆಚ್ಚು. ಆಗ ನಾವೇ ಬರೆಯಬೇಕು. ಆಕಾರ ಹಾಕಿಕೊಡುವ ಆದೇಶವಿದೆ, ಹೆಪ್‌ಡೇಟಾದಲ್ಲಿ ಅಂಕಿಗಳಿದ್ದರೆ ಅವೂ ಜೊತೆಗೆ ಬರುತ್ತವೆ; ಸಿ ಪ್ಲಸ್ ಪ್ಲಸ್ ಬಲ್ಲ ವಿದ್ಯಾರ್ಥಿಗೆ ಇದು ಒಳ್ಳೆಯ ಪ್ರಾಜೆಕ್ಟ್ ವಿಷಯವೂ ಹೌದು. ಪ್ರಬಂಧವನ್ನು ಸಾಲು ಸಾಲಾಗಿ ಓದಿ ಯಾವ ಕೋನ, ಯಾವ ಸಂವೇಗದ ಮಿತಿ, ಯಾವ ಕಣ ಎಂದು ಹೆಕ್ಕಿ ತೆಗೆಯುವ ಆ ಕೆಲಸದಲ್ಲಿ ಕಲಿಯುವಷ್ಟು ಭೌತಶಾಸ್ತ್ರವನ್ನು ನನ್ನ ತರಗತಿಯಲ್ಲಿ ಕಲಿಸಲು ನನಗೆ ಆಗಿಲ್ಲ.

ಮೂರನೆಯದು, ಎಲ್ಲ ಮಾದರಿಗಳೂ ಹೆಪ್‌ಎಂಸಿ ರೂಪದಲ್ಲಿ ಮಾತನಾಡುವುದಿಲ್ಲ. ಪಿಥಿಯಾ, ಸ್ಮ್ಯಾಶ್, ಜೆಟ್‌ಸ್ಕೇಪ್ ಕೊಡುತ್ತವೆ. ಆಂಪ್ಟ್, ಯುಆರ್‌ಕ್ಯೂಎಂಡಿಗಳು ತಮ್ಮದೇ ಪಠ್ಯರೂಪದಲ್ಲಿ ಬರೆಯುವುದರಿಂದ ನಡುವೆ ಒಂದು ಪರಿವರ್ತಕ ಬೇಕು. ಕಡತದ ಗಾತ್ರವೂ ಸಣ್ಣ ತೊಂದರೆಯಲ್ಲ. ಸೀಸದ ಒಂದು ನೇರ ಡಿಕ್ಕಿಯ ದಾಖಲೆಯೇ ಹಲವು ಎಂಬಿ ಆಗುತ್ತದೆ, ಸಾವಿರಾರು ಡಿಕ್ಕಿಗಳನ್ನು ಡಿಸ್ಕಿಗೆ ಬರೆಯಲು ಹೊರಟರೆ ಸಾಮಾನ್ಯ ಲ್ಯಾಪ್‌ಟಾಪ್ ಉಸಿರುಗಟ್ಟುತ್ತದೆ. ಲಿನಕ್ಸ್‌ನ ಫೈಫೊ ಎಂಬ ಕೊಳವೆಯ ಒಂದು ಬದಿಯಿಂದ ಮಾದರಿ ಬರೆಯುತ್ತ ಹೋದಂತೆ ಇನ್ನೊಂದು ಬದಿಯಿಂದ ರಿವೆಟ್ ಓದಿ ಬಿಸಾಡುವಂತೆ ಜೋಡಿಸುವುದೇ ಇದಕ್ಕೆ ಪರಿಹಾರ. ಟರ್ಮಿನಲ್ ಕಿಟಕಿ ಎರಡು ತೆರೆದು, ಒಂದರಲ್ಲಿ ಡಿಕ್ಕಿಗಳ ಎಣಿಕೆ ಏರುವುದನ್ನೂ ಇನ್ನೊಂದರಲ್ಲಿ ಅದು ಅರಗುವುದನ್ನೂ ಕಂಡ ಮೇಲೆ ವಿದ್ಯಾರ್ಥಿಗಳಿಗೆ ಈ ಏರ್ಪಾಟು ಮರೆಯುವುದಿಲ್ಲ. ದ್ರವಗತಿಯ ಪೂರ್ಣ ಲೆಕ್ಕ ಬೇಡುವ ಮಾದರಿಗಳಿಗೆ ಮಾತ್ರ ಲ್ಯಾಪ್‌ಟಾಪ್ ಸಾಲದು. ಗಣಕ ಸಮೂಹದ ಸೌಲಭ್ಯವಿಲ್ಲದ ಕಾಲೇಜಿನವರು ಆ ಆಸೆಯನ್ನು ಬಿಡುವುದೇ ಸರಿ.

ಕೈಪಿಡಿಯ ಬಗ್ಗೆಯೂ ಸ್ವಲ್ಪ ಅಸಮಾಧಾನವಿದೆ. ಪ್ರೋಟಾನ್ ಡಿಕ್ಕಿಗಳ ಪಾಠಗಳು ಕೈಹಿಡಿದು ನಡೆಸುತ್ತವೆ, ಕೇಂದ್ರೀಯತೆಯ ಎರಡು ಓಟಗಳ ವಿಷಯಕ್ಕೆ ಬಂದಾಗ ಓದುಗನಿಗೆ ಅದೆಲ್ಲ ಮೊದಲೇ ಗೊತ್ತಿದೆ ಎಂಬ ಧಾಟಿ ಬರುತ್ತದೆ. ಮೇಲೆ ಹೇಳಿದ 2020ರ ಪ್ರಬಂಧವನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಬೇಕು. ಹಳೆಯ ಆವೃತ್ತಿಗಳಲ್ಲಿ ನಕ್ಷೆ ಬರೆಯಲು ಲೇಟೆಕ್ ಬೇಕಾಗಿತ್ತು, ನಾಲ್ಕನೆಯದರಲ್ಲಿ ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಬಂದಿರುವುದರಿಂದ ಆ ಹೊರೆ ಇಳಿದಿದೆ. ಅಳವಿನ ಓಟವನ್ನೂ ವಿಶ್ಲೇಷಣೆಯ ಓಟವನ್ನೂ ಒಂದೇ ಶಕ್ತಿಯಲ್ಲಿ, ಒಂದೇ ಸಂರಚನೆಯಲ್ಲಿ ನಡೆಸುವ ಹೊಣೆ ಬಳಕೆದಾರನದೇ ಎಂಬುದನ್ನು ಪ್ರತಿವರ್ಷ ಹೊಸ ತಂಡಕ್ಕೆ ಹೇಳುತ್ತಲೇ ಇರಬೇಕಾಗುತ್ತದೆ.

ಬೆಲೆಯ ಪ್ರಶ್ನೆಯಿಲ್ಲ, ಜಿಪಿಎಲ್ ಪರವಾನಗಿಯಡಿ ಮುಕ್ತವಾಗಿ ಸಿಗುತ್ತದೆ, ಮೂಲ ಸಂಕೇತವನ್ನು ತೆರೆದು ಓದಬಹುದು, ಅನುಮಾನ ಬಂದಲ್ಲಿ ಯಾವ ಸಾಲಿನಲ್ಲಿ ಯಾವ ಕಣವನ್ನು ಬಿಟ್ಟಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಕೊಂಡುತಂದ ಎಷ್ಟೋ ಪ್ರಯೋಗಾಲಯ ಸಾಮಗ್ರಿಗಳಲ್ಲಿ ಇಲ್ಲದ ಗುಣವಿದು. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ರಾಷ್ಟ್ರವಾಗಿದೆ, ಅಲೈಸ್‌ನ ಫೋಟಾನ್ ಎಣಿಸುವ ಡಿಟೆಕ್ಟರ್ ನಮ್ಮ ದೇಶದ ಗುಂಪುಗಳು ಕಟ್ಟಿದ್ದು. ಆದರೂ ಕಲಬುರಗಿ, ಬೀದರ್, ಯಾದಗಿರಿಗಳ ವಿದ್ಯಾರ್ಥಿಗೆ ಆ ಪ್ರಯೋಗಗಳು ಪಠ್ಯಪುಸ್ತಕದ ಚಿತ್ರವಾಗಿಯೇ ಉಳಿಯುವುದು ಹೆಚ್ಚು. ಅವುಗಳ ಅಂಕಿಗಳನ್ನು ಮುಟ್ಟಿ ನೋಡಲು ಇಷ್ಟು ಕಡಿಮೆ ಖರ್ಚಿನ ದಾರಿ ಬೇರೊಂದಿಲ್ಲ.

ಹೊಸದಾಗಿ ಆರಂಭಿಸುವ ವಿಭಾಗಗಳಿಗೆ ನನ್ನ ಶಿಫಾರಸು ಇಷ್ಟು. ಡಾಕರ್ ಪೊಟ್ಟಣದಿಂದ ಶುರು ಮಾಡಿ, ಆಂಗಂಟಿರ್‌ನಿಂದ 2.76 ಟೆರಾ ಎಲೆಕ್ಟ್ರಾನ್ ವೋಲ್ಟ್‌ನ ಸೀಸದ ಡಿಕ್ಕಿಗಳನ್ನು ಹುಟ್ಟಿಸಿ. ಕಣಗಳ ಸಂಖ್ಯೆಯ ವಿಶ್ಲೇಷಣೆಯೊಂದನ್ನೇ ಇಂಪ್ ಮತ್ತು ಜೆನ್ ಎರಡೂ ಆಯ್ಕೆಗಳಲ್ಲಿ ಓಡಿಸಿ, ಎರಡು ಗೆರೆಗಳನ್ನೂ ಒಂದೇ ನಕ್ಷೆಯಲ್ಲಿ ಇಟ್ಟು, ಅವು ಬೇರೆಯಾಗುವುದೇಕೆಂದು ವಿದ್ಯಾರ್ಥಿಯಿಂದಲೇ ಬರೆಸಿ. ಆಮ್ಲಜನಕ ಮತ್ತು ನಿಯಾನ್ ನ್ಯೂಕ್ಲಿಯಸ್‌ಗಳ ಡಿಕ್ಕಿಗಳೂ 2025ರ ಜುಲೈನಲ್ಲಿ ನಡೆದಿವೆ. ಅಷ್ಟು ಸಣ್ಣ ನ್ಯೂಕ್ಲಿಯಸ್‌ಗಳಲ್ಲಿ ಕೇಂದ್ರೀಯತೆಯ ಗೊಂದಲ ಸೀಸದ್ದಕ್ಕಿಂತ ತೀವ್ರವಾಗಿರುತ್ತದಾದ್ದರಿಂದ, ಅವುಗಳ ವಿಶ್ಲೇಷಣೆಗೆ ಕೈಹಾಕುವ ಮೊದಲು ಈ ಒಂದು ಅಭ್ಯಾಸವನ್ನು ಮುಗಿಸಿರುವುದು ಕಡ್ಡಾಯವೆಂದೇ ನಾನು ನಮ್ಮಲ್ಲಿ ನಿಯಮ ಮಾಡಿದ್ದೇನೆ.